ಕೆಂಧೂಳಿನ ನಾಡಲ್ಲಿ ಮೊದಲ ಟ್ಯೂನಿಂಗ್

ಹೊಸಪೇಟೆಯ ಗ್ಯಾರೇಜಿಗೆ ಬಂದ ಬೈಕನ್ನು ಬಿಚ್ಚಿ ನೋಡಿದರೆ ಅದು ಯಾವ ದಿಕ್ಕಿನದೆಂದು ಬಹುಮಟ್ಟಿಗೆ ಊಹಿಸಬಹುದು. ಸಂಡೂರು ಕಡೆಯದಾದರೆ ಏರ್ ಫಿಲ್ಟರ್ ಕೆಂಪು. ಕಂಪ್ಲಿಯದಾದರೆ ಚೈನ್ ಕವರಿನೊಳಗೆ ಗದ್ದೆಯ ಕೆಸರು ಒಣಗಿ ಗಟ್ಟಿಯಾಗಿರುತ್ತದೆ. ಹಂಪಿಯ ಸುತ್ತಮುತ್ತ ಬಾಡಿಗೆಗೆ ಓಡಾಡುವ ಗಾಡಿಯಾದರೆ ಪ್ಲಗ್ಗಿನ ತುದಿಗೆ ಮಸಿ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ಈಚೆ ಬಂತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ರಿಪೇರಿಗೆ ಬರುವವರು ಆ ಗೆರೆಯನ್ನು ಲೆಕ್ಕಕ್ಕೇ ಇಟ್ಟಿಲ್ಲ.

ಮನೆಗೆ ಬರುವ ಮೊದಲ ಬೈಕು ಇಲ್ಲಿ ಸಾಮಾನ್ಯವಾಗಿ ಸೆಕೆಂಡ್ ಹ್ಯಾಂಡ್. 1994ರಲ್ಲಿ ಬಂದ ಸ್ಪ್ಲೆಂಡರಿನ ಯಾವುದೋ ಒಂದು ಮಾದರಿ, ಇಲ್ಲವೇ ಅಂಥದ್ದೇ ಇನ್ನೊಂದು ನೂರು ಸಿಸಿ ಗಾಡಿ. ಕೊಂಡ ವಾರದಲ್ಲೇ ಹುಡುಗ ಗ್ಯಾರೇಜಿನ ಮುಂದೆ ನಿಂತಿರುತ್ತಾನೆ. “ಅಣ್ಣಾ, ಗಾಡಿ ಯಾಕೋ ಎಳೀವಲ್ದು. ಕಾರ್ಬೊರೇಟರ್ ಸ್ವಲ್ಪ ತಿರುವ್ರಿ.” ಬಲ್ಲ ಮೆಕ್ಯಾನಿಕ್ ಕಾರ್ಬೊರೇಟರಿಗೆ ಕೈ ಹಾಕುವುದಿಲ್ಲ. “ಫಿಲ್ಟರ್ ತೆಗೆದು ಎಷ್ಟು ದಿನ ಆತು ತಮ್ಮಾ?” ಎನ್ನುತ್ತಾನೆ.

ಆ ಪ್ರಶ್ನೆಯ ಹಿಂದೆ ಲೆಕ್ಕವಿದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು ಹದಿನೈದು ಕಿಲೋ ಗಾಳಿ ಬೇಕು. ಲೀಟರಿನಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ. ಹೊಸಪೇಟೆಯಿಂದ ಸಂಡೂರಿಗೆ ಹೋಗಿ ಬರುವಷ್ಟರಲ್ಲಿ ನೂರು ಸಿಸಿಯ ಗಾಡಿ ಸರಿಸುಮಾರು ಇಷ್ಟು ಗಾಳಿ ಎಳೆದುಕೊಳ್ಳುತ್ತದೆ, ಅದೂ ಅದಿರಿನ ಲಾರಿಗಳ ಹಿಂದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವ ಮೊದಲಿನ ವರ್ಷಗಳಲ್ಲಿ ಈ ರಸ್ತೆಗಳ ಅಂಚಿನ ಗಿಡಗಳೇ ಕೆಂಪಾಗಿದ್ದವು. ಈಗ ಕಟ್ಟುಪಾಡು ಹೆಚ್ಚಿದೆ, ಧೂಳು ಇಲ್ಲವಾಗಿಲ್ಲ. ಆ ಧೂಳು ಬರೀ ಮಣ್ಣಲ್ಲ, ಕಬ್ಬಿಣದ ಆಕ್ಸೈಡು. ಅಕ್ಕಸಾಲಿಗರು ಚಿನ್ನಕ್ಕೆ, ಕನ್ನಡಿ ಮಾಡುವವರು ಗಾಜಿಗೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಇದೇ ವಸ್ತು. ಅದು ಮರಳಿನ ಕಣಗಳ ಜೊತೆ ಸೇರಿ ಸಿಲಿಂಡರಿನೊಳಗೆ ಹೋದರೆ ಪಿಸ್ಟನ್ ರಿಂಗನ್ನು ತಿಕ್ಕುತ್ತದೆ. ಫಿಲ್ಟರಿನಲ್ಲೇ ಕಟ್ಟಿಕೊಂಡರೆ ಗಾಳಿ ಕಡಿಮೆಯಾಗಿ, ಪೆಟ್ರೋಲ್ ಹೆಚ್ಚಾಗಿ, ಮೈಲೇಜು ಬೀಳುತ್ತದೆ. ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರಿನ ಲೆಕ್ಕ ಮಾಮೂಲಿ ರಸ್ತೆಗೆ. ಧೂಳಿನ ಸೀಮೆಯಲ್ಲಿ ಬೇಗ ನೋಡಬೇಕೆಂದು ಅದೇ ಪುಸ್ತಕದಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ, ಓದುವವರು ಕಡಿಮೆ.

ಫಿಲ್ಟರಿನಲ್ಲೂ ಜಾತಿಗಳುಂಟು. ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡದೆ ಒತ್ತಿ ಒಣಗಿಸಿ, ಒಂದಿಷ್ಟು ಆಯಿಲ್ ಸವರಿ ಕೂರಿಸಬೇಕು. ಒಣ ಕಾಗದದ್ದಾದರೆ ಒಳಗಿನಿಂದ ಹೊರಗೆ ಗಾಳಿ ಹೊಡೆಯಬೇಕು. ಹೊರಗಿನಿಂದ ಹೊಡೆದರೆ ಧೂಳು ಇನ್ನೂ ಒಳಕ್ಕೆ ಹೋಗುತ್ತದೆ. ಎಣ್ಣೆ ಹಾಕಿಯೇ ಬರುವ ಕಾಗದದ ಫಿಲ್ಟರನ್ನು ತೊಳೆಯುವಂತಿಲ್ಲ, ಊದುವಂತಿಲ್ಲ, ಬದಲಿಸಬೇಕು. “ಗಾಳಿ ಹೊಡೆದು ಹಾಕಿಬಿಡ್ರಿ” ಎಂದು ನೂರಿನ್ನೂರು ಉಳಿಸಿ ಆಮೇಲೆ ಸಿಲಿಂಡರಿನ ಬೋರಿಂಗ್ ಕೆಲಸಕ್ಕೆ ಸಾವಿರಗಟ್ಟಲೆ ಕೊಡುವ ಉಳಿತಾಯ ನಮ್ಮ ಕಡೆ ಬಹಳ.

ಮುಂದಿನ ಕೆಲಸದಲ್ಲಿ ಒಂದು ಕ್ರಮವಿದೆ. ಟ್ಯಾಪೆಟ್ ಕೂರಿಸಲು, ಅಂದರೆ ವಾಲ್ವಿನ ಸಂದು ಸರಿಮಾಡಲು, ಎಂಜಿನ್ ಪೂರ್ತಿ ತಣ್ಣಗಿರಬೇಕು, ಕಾರ್ಬೊರೇಟರಿಗೆ ಚೆನ್ನಾಗಿ ಬಿಸಿಯಾಗಿರಬೇಕು. ಆದ್ದರಿಂದ ಗಾಡಿಯನ್ನು ರಾತ್ರಿಯೇ ಬಿಟ್ಟುಹೋಗು ಎನ್ನುವ ಮೆಕ್ಯಾನಿಕ್ಕನ್ನು ನಂಬಬಹುದು. ಓಡಿಸಿಕೊಂಡು ಬಂದ ಬಿಸಿ ಗಾಡಿಗೆ ಹತ್ತು ನಿಮಿಷದಲ್ಲಿ ಟ್ಯಾಪೆಟ್ ಮಾಡಿಕೊಡುತ್ತೇನೆಂದರೆ ಅದು ಅಂದಾಜಿನ ಕೆಲಸ. ಮ್ಯಾಗ್ನೆಟ್ ತಿರುಗಿಸಿ, ಎರಡು ವಾಲ್ವೂ ಮುಚ್ಚಿರುವ ಹೊತ್ತಿಗೆ ‘ಟಿ’ ಗುರುತು ಕೂರಿಸಿ, ವಾಲ್ವಿನ ತುದಿಗೂ ಟ್ಯಾಪೆಟ್ ಸ್ಕ್ರೂವಿಗೂ ನಡುವೆ ಫೀಲರ್ ಗೇಜಿನ ಎಲೆ ಇಟ್ಟು ನೋಡುತ್ತಾರೆ. ಸಂದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಎಲೆ ಸ್ವಲ್ಪ ಹಿಡಿದು ಜಾರಬೇಕು. ಸಂದೇ ಇಲ್ಲದಿದ್ದರೆ ಬಿಸಿಯಾಗಿ ಹಿಗ್ಗಿದ ವಾಲ್ವು ಪೂರ್ತಿ ಮುಚ್ಚದೆ ಸುಡುತ್ತದೆ. ಟಿಕ್ ಟಿಕ್ ಸದ್ದು ಹೋಗಲೆಂದು ಬಿಗಿ ಮಾಡಿಸುವ ಗಿರಾಕಿಗಳಿದ್ದಾರೆ. ಸ್ವಲ್ಪ ಮಾತಾಡುವ ಟ್ಯಾಪೆಟ್ಟೇ ವಾಸಿ ಎಂಬ ಗ್ಯಾರೇಜಿನ ಮಾತಿಗೆ ನನ್ನ ಮತವೂ ಇದೆ.

ಪ್ಲಗ್ಗು ಬಿಚ್ಚಿದಾಗ ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಒಳಗೆ ಉರಿ ಸರಿಯಾಗಿದೆ. ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಗಾಳಿ ಹೆಚ್ಚು, ಎಣ್ಣೆಯಲ್ಲಿ ನೆಂದಿದ್ದರೆ ರಿಂಗು ಸವೆದಿರಬಹುದು. ಹಂಪಿಯ ಬಾಡಿಗೆ ಗಾಡಿಗಳಿಗೆ ಮಸಿ ಹತ್ತಲು ಕಾರಣ ಸರಳ. ವಿರೂಪಾಕ್ಷನ ಗುಡಿಯಿಂದ ಕಮಲಾಪುರ, ಅಲ್ಲಿಂದ ವಿಠ್ಠಲನ ಗುಡಿಯ ದಾರಿ, ಹೀಗೆ ನಾಲ್ಕಾರು ಕಿಲೋಮೀಟರಿಗೊಮ್ಮೆ ನಿಲ್ಲುವುದರಿಂದ ಪ್ಲಗ್ಗು ಮಸಿ ಸುಟ್ಟುಕೊಳ್ಳುವಷ್ಟು ಬಿಸಿಯೇ ಆಗುವುದಿಲ್ಲ. ಪ್ಲಗ್ಗಿನ ಸಂದು ಎಷ್ಟಿರಬೇಕೆಂದು ಆಯಾ ಮಾದರಿಯ ಪುಸ್ತಕದಲ್ಲಿ ನೋಡಿಕೊಳ್ಳಬೇಕು.

ಹಳೆಯ ಉಸ್ತಾದರು ಕೆಲಸ ಕಲಿತದ್ದು ಜಾವಾ, ಯೆಜ್ಡಿಗಳ ಮೇಲೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ಮಾಡಲು ತೊಡಗಿ 1996ರಲ್ಲಿ ಬಾಗಿಲು ಹಾಕಿತು. ಆ ಗಾಡಿಯ ಗೇರ್ ಲಿವರನ್ನೇ ಎತ್ತಿ ತಿರುಗಿಸಿದರೆ ಕಿಕ್ಕರ್. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಪಾಯಿಂಟನ್ನು ಮರಳುಕಾಗದದಲ್ಲಿ ಉಜ್ಜಿ ಸಂದು ಸರಿಮಾಡಬೇಕು, ಸೈಲೆನ್ಸರಿನ ಇಂಗಾಲ ಸುಟ್ಟು ಕೆರೆಯಬೇಕು. ಮಾಲೀಕನಿಗೇ ಅರ್ಧ ಮೆಕ್ಯಾನಿಕ್ ಕೆಲಸ ಬರಲೇಬೇಕಿತ್ತು. ಕಲಿಯಲು ಬಂದ ಹುಡುಗ ಮೊದಲು ಬಿಡಿಭಾಗ ತೊಳೆಯುತ್ತಿದ್ದ, ಆಮೇಲೆ “ಹತ್ತು-ಹನ್ನೊಂದು ಕೊಡೋ” ಎಂದಾಗ ನೋಡದೆಯೇ ಸರಿಯಾದ ಪಾನಾ ಎತ್ತಿಕೊಡುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದ. ಕಿವಿ ಹದವಾಗುತ್ತಿದ್ದುದು ಎಷ್ಟೋ ಕಾಲದ ಮೇಲೆ.

ಕಾರ್ಬೊರೇಟರಿನ ಕೆಲಸಕ್ಕೆ ಆ ಕಿವಿಯೇ ಬೇಕು. ಬಿಸಿ ಎಂಜಿನ್ನಿನಲ್ಲಿ ಮಿಕ್ಸ್ಚರ್ ಸ್ಕ್ರೂವನ್ನು ಅತ್ತಿತ್ತ ತಿರುಗಿಸಿ, ಸದ್ದು ಎಲ್ಲಿ ಹೆಚ್ಚು ಚುರುಕಾಗುತ್ತದೋ ಅಲ್ಲಿ ಬಿಟ್ಟು, ಆಮೇಲೆ ಇನ್ನೊಂದು ಸ್ಕ್ರೂನಿಂದ ಐಡ್ಲಿಂಗ್ ಇಳಿಸುತ್ತಾರೆ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುಪಾಲಿಗೆ ಕಾರ್ಬೊರೇಟರೇ ಇಲ್ಲ. ಪೆಟ್ರೋಲಿನ ಅಳತೆ ಸೆನ್ಸರಿನ ಲೆಕ್ಕ, ದೋಷ ಹೇಳಲು ಸ್ಕ್ಯಾನರ್. ಆದರೆ ಫಿಲ್ಟರ್ ಕಟ್ಟಿದರೆ ಆ ಗಾಡಿಯೂ ಎಳೆಯುವುದಿಲ್ಲ.

ಕಂಪ್ಲಿಯ ಕಡೆಯವರು ಹೆಚ್ಚು ಗಮನ ಕೊಡಬೇಕಾದದ್ದು ಚೈನಿಗೆ. ನಾಟಿಯ ದಿನಗಳಲ್ಲಿ ಟ್ರ್ಯಾಕ್ಟರುಗಳು ಗದ್ದೆಯ ಕೆಸರನ್ನೆಲ್ಲ ಡಾಂಬರಿಗೆ ತಂದು ಚೆಲ್ಲಿರುತ್ತವೆ. ಸೀಮೆಎಣ್ಣೆ ಮತ್ತು ಬ್ರಷ್ಷಿನಿಂದ ತೊಳೆದು, ಒಣಗಿದ ಮೇಲೆ 90 ನಂಬರಿನ ಗೇರ್ ಆಯಿಲ್ ಹಾಕಬೇಕು. ಚೈನು ಮೇಲೆ-ಕೆಳಗೆ ಎರಡರಿಂದ ಮೂರು ಸೆಂಟಿಮೀಟರ್ ಆಡಬೇಕು. ಚೈನು ಬಿಗಿ ಮಾಡಲು ಚಕ್ರವನ್ನು ಹಿಂದೆ ಸರಿಸಿದಾಗ ಹಿಂದಿನ ಬ್ರೇಕಿನ ಹಿಡಿತವೂ ಬದಲಾಗುತ್ತದೆ. ಅದನ್ನು ಮರೆತು ಗಾಡಿ ಕೊಟ್ಟುಬಿಡುವುದುಂಟು. ಪೆಡಲ್ ಒತ್ತಿ ನೋಡಿಯೇ ಹೊರಡಿ.

ಎಲ್ಲ ಮುಗಿದ ಮೇಲೆ ಗ್ಯಾರೇಜಿನ ಮುಂದೆ ಆಕ್ಸಲರೇಟರ್ ತಿರುವಿ ಒಪ್ಪಿಕೊಳ್ಳುವುದು ಸುಮ್ಮನೆ. ನಿಂತಲ್ಲೇ ಕೂಗುವ ಎಂಜಿನ್ನಿಗೆ ಭಾರವೇ ಇರುವುದಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಸಂಡೂರಿನಿಂದ ಕುಮಾರಸ್ವಾಮಿ ಬೆಟ್ಟದ ಏರು ಹತ್ತಿಸಿ. ಮೇಲೆ ನಿಂತು, ಎಂಜಿನ್ ಆರಿದ ಮೇಲೆ ಪ್ಲಗ್ಗು ಬಿಚ್ಚಿ ನೋಡಿ. ಮಸಿಯಿದ್ದರೆ ಮರುದಿನ ಅದೇ ಗ್ಯಾರೇಜಿಗೆ ವಾಪಸು ಒಯ್ಯಿರಿ, ಪ್ಲಗ್ಗನ್ನು ಒರೆಸದೆ.