ಎಳೆಯ ಮಕ್ಕಳೊಡನೆ ಮೈಸೂರು ಪ್ರವಾಸ



ತೋಟವಿದ್ದವನಿಗೆ ರಜೆಯಿಲ್ಲ ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಅಡಿಕೆಗೆ ಬೇಸಿಗೆಯಲ್ಲಿ ನೀರಿನ ಚಿಂತೆ, ಮಳೆಗಾಲದಲ್ಲಿ ಕೊಳೆರೋಗದ ಚಿಂತೆ, ಕೊಯ್ಲಿನಲ್ಲಿ ಆಳುಗಳ ಚಿಂತೆ. ಕಾಫಿಯವರಿಗೆ ಹೂಮಳೆಯ ದಾರಿ ಕಾಯುವುದರಿಂದ ಹಿಡಿದು ಹಣ್ಣು ಕೊಯ್ದು ಕಣದಲ್ಲಿ ಒಣಗಿಸುವವರೆಗೆ ಒಂದಲ್ಲ ಒಂದು ಕೆಲಸ. ಈ ಕೆಲಸಗಳ ನಡುವೆ ಮನೆಯ ಮಕ್ಕಳು ನಮಗೆ ತಿಳಿಯದಂತೆಯೇ ಬೆಳೆದುಬಿಡುತ್ತಾರೆ. ಅಡಿಕೆ ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷ ತಾಳ್ಮೆಯಿಂದ ಕಾಯುತ್ತೇವೆ. ಅಷ್ಟರಲ್ಲಿ ಆನೆಯನ್ನು ಕಂಡು ಬಾಯಿಬಿಟ್ಟು ನಿಲ್ಲುವ ಮಗುವಿನ ಎಳೆತನವೇ ಮುಗಿದಿರುತ್ತದೆ.

ನಮ್ಮ ಚಿಗಟೇರಿಯಲ್ಲಿ ನಾರದಮುನಿಯ ಗುಡಿಯಿದೆ. ಮೂರು ಲೋಕವನ್ನೂ ಸುತ್ತಿದ ಆ ಮುನಿಯ ಊರಿನ ನಾವು ಮಾತ್ರ ಊರು ಬಿಟ್ಟು ಹೊರಡುವುದು ಅಪರೂಪ. ಹರಪನಹಳ್ಳಿಯ ಸಂತೆ, ಕೊಟ್ಟೂರಿನ ತೇರು, ನೆಂಟರ ಮದುವೆ, ಇವಿಷ್ಟೇ ನಮ್ಮ ಸಂಚಾರ. ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೆ ಚಿಗಟೇರಿಯ ಹೆಸರೇ ಇದೆ. ನಮ್ಮ ಎಷ್ಟೋ ಮಕ್ಕಳು ಪಟ್ಟಣವನ್ನು ಮೊದಲು ಕಾಣುವುದೂ ಜ್ವರ ಬಂದು ಅಂಥ ಆಸ್ಪತ್ರೆಗೆ ಹೋದಾಗಲೇ. ಪಟ್ಟಣವೆಂದರೆ ಸೂಜಿಮದ್ದು ಎಂದು ಮಗು ತಿಳಿಯಬಾರದು. ಸಂತೋಷಕ್ಕಾಗಿಯೂ ಅಲ್ಲಿಗೆ ಹೋಗಬಹುದು ಎಂಬುದನ್ನು ಒಮ್ಮೆಯಾದರೂ ತೋರಿಸಬೇಕು. ಅದಕ್ಕೆ ಮೈಸೂರಿಗಿಂತ ಒಳ್ಳೆಯ ಊರಿಲ್ಲ. ಅಲ್ಲಿ ನೋಡುವ ಜಾಗಗಳು ಒಂದಕ್ಕೊಂದು ಹತ್ತಿರ, ಬೀದಿಗಳಲ್ಲಿ ನೆರಳಿದೆ, ಬೆಂಗಳೂರಿನ ನೂಕುನುಗ್ಗಲಿಲ್ಲ.

ದಿನಕ್ಕೆ ಒಂದೇ ದೊಡ್ಡ ನೋಟ

ನಮ್ಮಲ್ಲಿ ಮೈಸೂರು ಪ್ರವಾಸವೆಂದರೆ ಬಾಡಿಗೆ ವಾಹನ ಹತ್ತಿ ಬೆಳಿಗ್ಗೆ ಶ್ರೀರಂಗಪಟ್ಟಣ, ಆಮೇಲೆ ಅರಮನೆ, ಮಧ್ಯಾಹ್ನ ಮೃಗಾಲಯ, ಸಂಜೆ ಚಾಮುಂಡಿ ಬೆಟ್ಟ, ರಾತ್ರಿ ಬೃಂದಾವನ ಎಂದು ಒಂದೇ ದಿನದಲ್ಲಿ ಮುಗಿಸುವುದು. ದೊಡ್ಡವರಿಗೇ ಇದು ದಣಿವಿನ ಕೆಲಸ. ನಾಲ್ಕು ವರ್ಷದ ಮಗುವಿಗೆ ಹಸಿವು, ನಿದ್ದೆ, ಕಾಲುನೋವು ಒಟ್ಟಿಗೆ ಬಂದರೆ ಅರಮನೆಯೂ ಒಂದೇ, ಬಸ್ ನಿಲ್ದಾಣವೂ ಒಂದೇ. ಮಗು ಅಳುತ್ತದೆ, ತಾಯಿ ಬೇಸರಪಡುತ್ತಾಳೆ, ತಂದೆ ಸಿಡುಕುತ್ತಾನೆ. ಖರ್ಚು ಮಾಡಿದ ಹಣ ಜಗಳಕ್ಕೆ ಆಯಿತು.

ಎಳೆ ಸಸಿಯನ್ನು ಸಾಕುವ ಬಗೆ ನಮಗೆ ಗೊತ್ತು. ಒಂದೇ ಸಲ ಕೊಡ ನೀರು ಸುರಿಯುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ, ಆಗಾಗ ಕೊಡುತ್ತೇವೆ. ಪಕ್ಕದಲ್ಲಿ ಬಾಳೆ ಹಾಕಿ ಬಿಸಿಲು ತಡೆಯುತ್ತೇವೆ. ಮಕ್ಕಳ ಪ್ರವಾಸಕ್ಕೂ ಇದೇ ನಿಯಮ. ದಿನಕ್ಕೆ ಒಂದೇ ದೊಡ್ಡ ನೋಟ, ಅದೂ ಬೆಳಗಿನ ತಂಪಿನಲ್ಲಿ. ಮಧ್ಯಾಹ್ನ ಊಟ ಮತ್ತು ನಿದ್ದೆ. ಸಂಜೆ ಏನಾದರೊಂದು ಹಗುರವಾದದ್ದು. ಏನೇನು ನೋಡಬೇಕೆಂದು ಪಟ್ಟಿ ಮಾಡುವ ಮೊದಲು ಏನೇನು ಬಿಡಬೇಕೆಂದು ಗಂಡಹೆಂಡತಿ ಕುಳಿತು ತೀರ್ಮಾನಿಸಿಕೊಳ್ಳಬೇಕು.

ಹೊರಡುವ ಕಾಲ

ಶಾಲೆಗೆ ಹೋಗುವ ಮಕ್ಕಳಿದ್ದರೆ ಏಪ್ರಿಲ್ ಮಧ್ಯದಿಂದ ಮೇ ತಿಂಗಳವರೆಗಿನ ಬೇಸಿಗೆ ರಜೆಯೇ ಅನುಕೂಲ. ಆ ವೇಳೆಗೆ ಅಡಿಕೆ ಕೊಯ್ಲು ಮುಗಿದಿರುತ್ತದೆ, ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸ ಇನ್ನೂ ಮುಂದಿರುತ್ತದೆ. ಉಳಿಯುವುದು ನೀರೊಂದೇ. ಕಾಲುವೆಯಲ್ಲಿ ನೀರು ಕಟ್ಟುವ ತೋಟಗಳಿಗೆ ಮಾರ್ಚ್‌ನಿಂದ ಮೇವರೆಗೆ ಮಣ್ಣಿನ ಗುಣ ನೋಡಿ 3ರಿಂದ 5 ದಿನಕ್ಕೊಮ್ಮೆ, ಮರಕ್ಕೆ ಸುಮಾರು 175 ಲೀಟರ್ ನೀರು ಕೊಡಬೇಕೆಂದು ಶಿಫಾರಸಿದೆ. ಇದರಲ್ಲೇ ನಮ್ಮ ಪ್ರವಾಸದ ಅವಧಿಯೂ ಅಡಗಿದೆ. ನೀರು ಹಿಡಿದಿಡುವ ಎರೆ ಮಣ್ಣಿನ ತೋಟವಾದರೆ ಗುರುವಾರ ನೀರು ಕಟ್ಟಿ ಶುಕ್ರವಾರ ಹೊರಟು ಸೋಮವಾರ ರಾತ್ರಿ ಮನೆ ಸೇರಿದರೆ ಮಂಗಳವಾರದ ಸರದಿಗೆ ತೊಂದರೆಯಿಲ್ಲ. ಮರಳು ಮಿಶ್ರಿತ ಮಣ್ಣಿನವರೂ ಹನಿ ನೀರಾವರಿಯವರೂ ನಡುವೆ ಮೋಟಾರು ಹಾಕಲು ಒಬ್ಬರನ್ನು ಗೊತ್ತುಮಾಡಲೇಬೇಕು.

ಕಾಫಿಯವರು ಹೂಮಳೆ ಮತ್ತು ಅದರ ಹಿಂದಿನ ಮಳೆ ಆಗಿಬಿಟ್ಟ ಮೇಲೆ, ಮರಗಸಿಯ ಆಳುಗಳು ಬರುವುದಕ್ಕೆ ಮುಂಚೆ ಬಿಡುವು ಹುಡುಕಿಕೊಳ್ಳಬಹುದು. ಇನ್ನೂ ಶಾಲೆಗೆ ಸೇರದ ಕೂಸುಗಳಿದ್ದರೆ ರಜೆಗೆ ಕಾಯುವ ಅಗತ್ಯವೇ ಇಲ್ಲ. ಕೊಯ್ಲು ಮುಗಿದ ಫೆಬ್ರುವರಿಯಲ್ಲಿ ಹವೆಯೂ ಹಿತ, ಜನವೂ ಕಡಿಮೆ. ದಸರಾ ಹತ್ತು ದಿನ ಮಾತ್ರ ಎಳೆಯ ಮಕ್ಕಳೊಡನೆ ಹೋಗದಿರುವುದು ಒಳ್ಳೆಯದು. ಕೋಣೆ ಸಿಗದು, ಸಿಕ್ಕರೂ ದುಬಾರಿ, ಜನಜಂಗುಳಿಯಲ್ಲಿ ಮಗುವನ್ನು ಹೆಗಲಿನಿಂದ ಇಳಿಸಲಾಗದು.

ಮುಯ್ಯಾಳಿನ ಏರ್ಪಾಡು

ತೋಟ ಯಾರು ನೋಡಬೇಕು, ಹಸುವನ್ನು ಯಾರು ಕರೆಯಬೇಕು ಎಂಬಲ್ಲಿಯೇ ಬಹಳ ಜನರ ಪ್ರವಾಸ ನಿಂತುಹೋಗುತ್ತದೆ. ನಮ್ಮ ಹಿರಿಯರು ನಾಟಿಗೂ ಕೊಯ್ಲಿಗೂ ಮುಯ್ಯಾಳು ಕಳಿಸುತ್ತಿದ್ದರು. ಅದೇ ಪದ್ಧತಿಯನ್ನು ಇಲ್ಲಿಯೂ ತರಬಹುದು. ನೆರೆಯ ಇಬ್ಬರು ಸದಸ್ಯರು ಮಾತನಾಡಿಕೊಂಡು, ಈ ತಿಂಗಳು ಒಬ್ಬರ ತೋಟ ಹಟ್ಟಿಗಳನ್ನು ಇನ್ನೊಬ್ಬರು, ಮುಂದಿನ ತಿಂಗಳು ಅವರದನ್ನು ಇವರು ನೋಡಿಕೊಂಡರೆ ಕೂಲಿಯ ಖರ್ಚೂ ಇಲ್ಲ, ಋಣಭಾರವೂ ಇಲ್ಲ. ಹೊರಡುವ ಹಿಂದಿನ ದಿನ ಅವರನ್ನು ಕರೆದು ಕರೆಂಟು ಬರುವ ವೇಳೆ, ಯಾವ ಗೇಟ್‌ವಾಲ್ವ್ ಯಾವ ಸಾಲಿಗೆ, ಹಿಂಡಿ ಎಷ್ಟು ಎಂಬುದನ್ನು ತೋರಿಸಿ ಒಂದು ಚೀಟಿಯಲ್ಲಿ ಬರೆದುಕೊಡಿ. ಆಮೇಲೆ ಗಂಟೆಗೊಮ್ಮೆ ಫೋನು ಮಾಡಿ ವಿಚಾರಿಸುವುದು ಬೇಡ. ಸಂಜೆ ಒಮ್ಮೆ ಸಾಕು. ಅಪ್ಪ ಮೃಗಾಲಯದಲ್ಲಿ ನಿಂತು ಮೋಟಾರಿನ ಮಾತಾಡುತ್ತಿದ್ದರೆ ಮಗುವಿನ ಪಾಲಿಗೆ ಅಪ್ಪ ತೋಟದಲ್ಲೇ ಉಳಿದಂತೆ.

ಪ್ರಯಾಣ

ಚಿಗಟೇರಿ ಕಡೆಯವರು ಹರಪನಹಳ್ಳಿಯ ಮೇಲೆ ದಾವಣಗೆರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ರೈಲು ಹಿಡಿಯುವುದು ಲೇಸು. ದಾವಣಗೆರೆಯಿಂದ ಮೈಸೂರಿಗೆ ನೇರ ರೈಲುಗಳಿವೆ. ಬಸ್ಸಿನಲ್ಲಿ ಮಗುವನ್ನು ತೊಡೆಯ ಮೇಲೆ ಕಟ್ಟಿಹಾಕಿದಂತೆ ಕೂರಿಸಬೇಕು. ರೈಲಿನಲ್ಲಿ ಅದು ಓಡಾಡಬಹುದು, ಮಲಗಬಹುದು, ಶೌಚಕ್ಕೂ ತೊಂದರೆಯಿಲ್ಲ. ರಾತ್ರಿ ರೈಲು ದಾವಣಗೆರೆಗೆ ನಟ್ಟಿರುಳಲ್ಲಿ ಬರುವುದಾದರೆ, ಮಲಗಿದ ಮಕ್ಕಳನ್ನು ಪ್ಲಾಟ್‌ಫಾರಂನಲ್ಲಿ ಎಬ್ಬಿಸಿ ಹತ್ತಿಸುವುದಕ್ಕಿಂತ ಹಗಲಿನ ರೈಲೇ ಮೇಲು.

5 ವರ್ಷದೊಳಗಿನ ಮಗುವಿಗೆ ರೈಲಿನಲ್ಲಿ ಟಿಕೆಟ್ ಇಲ್ಲ. 5ರಿಂದ 12 ವರ್ಷದೊಳಗಿನವರಿಗೆ ಪ್ರತ್ಯೇಕ ಬರ್ತ್ ಬೇಕಾದರೆ ಪೂರ್ತಿ ದರ, ಬೇಡವಾದರೆ ಅರ್ಧ ದರ. 2016ರಿಂದ ಈ ನಿಯಮವಿದೆ. ಸೀಟು ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್‌ನಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿಸಲಾಗಿದೆ. ಬೇಸಿಗೆ ರಜೆಯ ಟಿಕೆಟ್‌ಗಳು ಬೇಗ ಮುಗಿಯುವುದರಿಂದ ಫೆಬ್ರುವರಿ ಕೊನೆಗೇ ಇದನ್ನು ನೋಡಿಕೊಳ್ಳಬೇಕು. ರಾಜ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ಮಹಿಳೆಯರಿಗೆ ಉಚಿತ ಪ್ರಯಾಣವಿದೆ. ಗುರುತಿನ ಚೀಟಿ ಕೈಯಲ್ಲಿರಲಿ.

ಸಾಮಾನು ಎಷ್ಟು ಕಡಿಮೆಯೋ ಅಷ್ಟು ಸುಖ. ನಾರದಮುನಿ ಒಂದು ವೀಣೆ ಹಿಡಿದು ಲೋಕ ಸುತ್ತಿದ. ನಮಗೆ ಇಬ್ಬರು ದೊಡ್ಡವರಿಗೆ ಒಂದೊಂದು ಚೀಲ ಸಾಕು. ಒಂದು ಕೈ ಮಗುವನ್ನು ಹಿಡಿಯಲು ಖಾಲಿಯಿರಬೇಕು.

ತಂಗುವ ಜಾಗ

ರೈಲ್ವೆ ನಿಲ್ದಾಣ, ಅರಮನೆ, ಗ್ರಾಮಾಂತರ ಬಸ್ ನಿಲ್ದಾಣ, ಈ ಮೂರರ ನಡುವಿನ ಭಾಗದಲ್ಲಿ ಎಲ್ಲ ದರದ ವಸತಿಗೃಹಗಳೂ ಇವೆ. ದೂರದಲ್ಲಿ ಅಗ್ಗವೆಂದು ಉಳಿದರೆ ಉಳಿಸಿದ ಹಣ ಆಟೋಕ್ಕೆ ಹೋಗುತ್ತದೆ, ಮಧ್ಯಾಹ್ನದ ನಿದ್ದೆಯೂ ತಪ್ಪುತ್ತದೆ. ಕೋಣೆ ಕೇಳುವಾಗ ಬಿಸಿನೀರಿನ ವೇಳೆ, ಕೆಳ ಅಂತಸ್ತು, ಬೀದಿಯ ಗದ್ದಲವಿಲ್ಲದ ಬದಿ, ಕಿಟಕಿಗೆ ಸರಳು, ಇಷ್ಟನ್ನು ಕೇಳಿ. ಮೂರು ರಾತ್ರಿಯೂ ಒಂದೇ ಕೋಣೆಯಲ್ಲಿರಿ. ಎರಡನೆಯ ದಿನಕ್ಕೆ ಮಗು ಅದನ್ನೇ ಮನೆ ಎನ್ನತೊಡಗುತ್ತದೆ.

ಶನಿವಾರ ಬೆಳಿಗ್ಗೆ ಮೃಗಾಲಯ

ಶ್ರೀ ಚಾಮರಾಜೇಂದ್ರ ಮೃಗಾಲಯ 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಆರಂಭವಾಗಿ 1902ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಈಗ ಸುಮಾರು 157 ಎಕರೆ ವಿಸ್ತಾರವಿದೆ. ಬೆಳಿಗ್ಗೆ 8.30ಕ್ಕೆ ಬಾಗಿಲು ತೆರೆಯುತ್ತದೆ, ಮಂಗಳವಾರ ರಜೆ. ಭಾನುವಾರ ಜನ ಹೆಚ್ಚು, ಆದ್ದರಿಂದ ಶನಿವಾರವೇ ಒಳ್ಳೆಯದು. ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಪ್ರಾಣಿಗಳೂ ಚುರುಕಾಗಿರುತ್ತವೆ, ಬಿಸಿಲೂ ಏರಿರುವುದಿಲ್ಲ.

ಪೂರ್ತಿ ಸುತ್ತಬೇಕೆಂಬ ಹಟ ಬೇಡ. ಒಳದಾರಿ ಕಿಲೋಮೀಟರುಗಟ್ಟಲೆ ಉದ್ದವಿದೆ. ನಡೆಯಲಾಗದವರಿಗೆ ಬ್ಯಾಟರಿ ವಾಹನಗಳಿವೆ. ಜಿರಾಫೆ, ಆನೆ, ಹುಲಿ, 2021ರಲ್ಲಿ ಜರ್ಮನಿಯಿಂದ ಗೊರಿಲ್ಲಾಗಳು ಬಂದ ಆವರಣ, ಇವುಗಳಲ್ಲಿ ಮೂರು ನಾಲ್ಕನ್ನು ಮಗುವೇ ಆರಿಸಲಿ. ಜಿರಾಫೆಯ ಮುಂದೆ ಅರ್ಧ ಗಂಟೆ ನಿಂತರೆ ನಿಲ್ಲಲಿ. ಕೊಟ್ಟ ದುಡ್ಡಿಗೆ ಎಲ್ಲ ನೋಡಬೇಡವೇ ಎನ್ನುವವರಿಗೆ ಒಂದು ಮಾತು: ದುಡ್ಡು ಕೊಟ್ಟದ್ದು ಆ ಅರ್ಧ ಗಂಟೆಗೇ. ಪ್ಲಾಸ್ಟಿಕ್ಕಿಗೆ ಅಲ್ಲಿ ಕಟ್ಟುಪಾಡಿದೆ, ಸ್ಟೀಲ್ ಬಾಟಲಿಯಲ್ಲಿ ನೀರು ಒಯ್ಯಿರಿ.

ಹನ್ನೊಂದೂವರೆಗೆ ಹೊರಬಂದು ಊಟ ಮಾಡಿ ಮಲಗಿ. ಸಂಜೆ ಹುರುಪಿದ್ದರೆ ಮೃಗಾಲಯದ ಪಕ್ಕದ ಕಾರಂಜಿ ಕೆರೆಗೆ ಹೋಗಬಹುದು. ಅಲ್ಲಿ ದೋಣಿಯೂ ನವಿಲುಗಳಿರುವ ದೊಡ್ಡ ಪಕ್ಷಿಧಾಮವೂ ಇವೆ. ಹುರುಪಿಲ್ಲದಿದ್ದರೆ ಕೋಣೆಯ ಹತ್ತಿರವೇ ಒಂದು ಐಸ್‌ಕ್ರೀಂ ಸಾಕು.

ಭಾನುವಾರ ರೈಲು ಮತ್ತು ದೀಪ

ರೈಲ್ವೆ ನಿಲ್ದಾಣದ ಸಮೀಪವೇ ಕೃಷ್ಣರಾಜಸಾಗರ ರಸ್ತೆಯಲ್ಲಿ 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯವಿದೆ. ಹಳೆಯ ಉಗಿಬಂಡಿಗಳೂ ಮೈಸೂರು ಮಹಾರಾಣಿಯವರ 1899ರ ಸಲೂನ್ ಗಾಡಿಯೂ ಅಲ್ಲಿವೆ. ಮಕ್ಕಳಿಗಾಗಿ ಪುಟ್ಟ ರೈಲೂ ಉಂಟು. ಜಾಗ ಚಿಕ್ಕದು, ಮರದ ನೆರಳಿದೆ, ಎರಡು ಗಂಟೆಯಲ್ಲಿ ತೃಪ್ತಿಯಾಗುತ್ತದೆ. ತೆರೆದಿರುವ ವೇಳೆಯನ್ನು ವಸತಿಗೃಹದಲ್ಲಿ ಮೊದಲೇ ಕೇಳಿಕೊಳ್ಳಿ.

ಸಂಜೆ ಅರಮನೆಯ ದೀಪಾಲಂಕಾರ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಕಟ್ಟಿದ ಈಗಿನ ಅರಮನೆ 1912ರಲ್ಲಿ ಪೂರ್ಣವಾಯಿತು. ಭಾನುವಾರಗಳಲ್ಲಿ ಸಂಜೆ 7ರ ಸುಮಾರಿಗೆ ಸ್ವಲ್ಪ ಹೊತ್ತು ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಒಳಗಿನ ಚಿತ್ರ, ಸಿಂಹಾಸನ, ದರ್ಬಾರು ಮಂಟಪಗಳ ಮಹತ್ವ ಮೂರು ವರ್ಷದ ಮಗುವಿಗೆ ತಿಳಿಯದು. ದೀಪ ಹೊತ್ತಿದ ಆ ಕ್ಷಣ ಮಾತ್ರ ತಿಳಿಯುತ್ತದೆ. ಅರ್ಧ ಗಂಟೆ ಮೊದಲೇ ಹೋಗಿ, ನೂಕಾಟದಿಂದ ದೂರ, ಹಿಂದುಗಡೆ ನಿಲ್ಲಿ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, ಊರಿನಿಂದ ಸುಮಾರು 20 ಕಿಲೋಮೀಟರ್ ದೂರದ ಬೃಂದಾವನ, ಶ್ರೀರಂಗಪಟ್ಟಣ, ಇವನ್ನು ಈ ಸಲಕ್ಕೆ ಬಿಡಿ. ಅವು ಎಲ್ಲಿಗೂ ಹೋಗುವುದಿಲ್ಲ. ದೇವರ ದರ್ಶನ ಬಿಡಬಾರದು ಎನ್ನುವ ಹಿರಿಯರಿದ್ದರೆ ಬೆಳಗಿನ ಬಸ್ಸಿನಲ್ಲಿ ಅವರು ಬೆಟ್ಟಕ್ಕೆ ಹೋಗಿಬರಲಿ. ಅಡಿಕೆ ಬೆಳೆಗಾರನಿಗೆ ಸಹಜವಾಗಿಯೇ ಭೌಗೋಳಿಕ ಗುರುತು ಪಡೆದ ಮೈಸೂರು ಚಿಗುರೆಲೆಯ ಆಸೆಯಾಗುತ್ತದೆ. ಭಾನುವಾರ ಮುಂಜಾನೆ ಮಕ್ಕಳು ಏಳುವ ಮೊದಲೇ ಒಬ್ಬರು ದೇವರಾಜ ಮಾರುಕಟ್ಟೆಗೆ ಹೋಗಿ ತಂದುಬಿಡಬಹುದು.

ಊಟ, ಆರೋಗ್ಯ, ಹಣ

ಹೊಸ ಊರಿನಲ್ಲಿ ಮಗುವಿನ ಹೊಟ್ಟೆಗೆ ಹೊಸದನ್ನು ಹಾಕುವುದು ಬೇಡ. ಇಡ್ಲಿ, ಅನ್ನ, ಮೊಸರು, ಬಾಳೆಹಣ್ಣು ಎಲ್ಲೆಡೆ ಸಿಗುತ್ತವೆ. ಮನೆಯಿಂದ ಮಂಡಕ್ಕಿ, ಅವಲಕ್ಕಿ, ಕಟಕಲು ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ದರೆ ರೈಲಿನಲ್ಲಿ ಅನುಕೂಲ. ಅಷ್ಟಕ್ಕೇ ನಿಲ್ಲಿಸಿ. ಸ್ಟೌವು ಹೊತ್ತು ಹೋಗಿ ಕೋಣೆಯಲ್ಲಿ ಅಡುಗೆ ಮಾಡಿಸಿದರೆ ಮನೆಯಾಕೆಗೆ ಅದು ಪ್ರವಾಸ ಹೇಗಾದೀತು? ಕಾಯಿಸಿ ಆರಿಸಿದ ನೀರು, ನಾಲ್ಕು ಓ.ಆರ್.ಎಸ್. ಪೊಟ್ಟಣ, ವೈದ್ಯರು ಬರೆದುಕೊಟ್ಟ ಜ್ವರದ ಔಷಧಿ ಜೊತೆಗಿರಲಿ. ಮಗುವಿನ ಜೇಬಿನಲ್ಲಿ ತಂದೆಯ ಹೆಸರು, ಫೋನ್ ಸಂಖ್ಯೆ ಬರೆದ ಚೀಟಿಯಿರಲಿ.

ಪ್ರಯಾಣ, ಕೋಣೆ, ಊಟ, ಪ್ರವೇಶ ಎಂದು ಹಣವನ್ನು ನಾಲ್ಕು ಲಕೋಟೆಗಳಲ್ಲಿ ಬೇರೆಯಾಗಿಡಿ. ಐದನೆಯದು ಆಪತ್ತಿಗೆ, ಅದನ್ನು ಒಡೆಯದೆ ತಂದರೆ ಲಾಭ. ಅಡಿಕೆ ಮಾರಿದ ದಿನವೇ ಇಷ್ಟನ್ನು ಎತ್ತಿಟ್ಟವರಿಗೆ ಏಪ್ರಿಲ್‌ನಲ್ಲಿ ಸಾಲದ ಮಾತಿಲ್ಲ.

ಇಷ್ಟು ದೂರ ಹೇಗಪ್ಪಾ ಎನಿಸುವವರು ಮೊದಲು ಒಂದು ದಿನ ದಾವಣಗೆರೆಗೆ ಹೋಗಿಬರಲಿ. ಬೆಳಿಗ್ಗೆ ಬೆಣ್ಣೆದೋಸೆ, ಆಮೇಲೆ ಕುಂದುವಾಡ ಕೆರೆ, ಗಾಜಿನ ಮನೆ, ಸಂಜೆಗೆ ಮನೆ. ಮಗು ಎಷ್ಟು ಹೊತ್ತು ನಡೆಯುತ್ತದೆ, ಎಷ್ಟಕ್ಕೆ ದಣಿಯುತ್ತದೆ ಎಂಬುದು ಅಲ್ಲಿಯೇ ತಿಳಿಯುತ್ತದೆ. ಆ ಲೆಕ್ಕದ ಮೇಲೆ ಮೈಸೂರಿನ ಯೋಜನೆ ಹಾಕಬಹುದು.

ಈ ವರ್ಷ ತಪ್ಪಿದ ನೀರನ್ನು ಮುಂದಿನ ಸರದಿಯಲ್ಲಿ ಕೊಡಬಹುದು, ಈ ವರ್ಷ ಕುಸಿದ ಧಾರಣೆ ಮುಂದಿನ ವರ್ಷ ಏರಬಹುದು. ಮಗುವಿನ ನಾಲ್ಕನೆಯ ವರ್ಷ ಮಾತ್ರ ಒಮ್ಮೆಯೇ ಬರುತ್ತದೆ. ಸದಸ್ಯ ಬಾಂಧವರು ಈ ಬೇಸಿಗೆಯ ಮುಯ್ಯಾಳಿನ ಬಗ್ಗೆ ನೆರೆಯವರೊಡನೆ ಇಂದೇ ಮಾತನಾಡಲಿ.