ಸೊಲ್ಲು ಹಿಡಿದ ಕಣಿವೆ

ತಮಿಳುನಾಡಿನ ಕುಮ್ಮಿ ಕುಣಿತದ ಸುತ್ತಿನೊಳಗೆ ನಿಂತ ಮೇಲೆ ಬರೀ ಕೇಳುತ್ತ ಇರಲು ಯಾರಿಗೂ ಬಿಡುವಿಲ್ಲ. ಮಾರಿಯಮ್ಮನ ಹಬ್ಬದಲ್ಲಿ ಮೊಳಕೆ ಬಂದ ಕಾಳಿನ ಮಡಕೆಗಳನ್ನು, ಅಂದರೆ ಮುಳೈಪ್ಪಾರಿಯನ್ನು, ನಡುವೆ ಇಟ್ಟು ಹೆಂಗಸರು ಸುತ್ತುಗಟ್ಟುತ್ತಾರೆ. ಒಬ್ಬಾಕೆ ಸಾಲು ಎತ್ತುತ್ತಾಳೆ. ಉಳಿದವರು ಬಾಗಿ, ಚಪ್ಪಾಳೆ ತಟ್ಟಿ, ಅದನ್ನೇ ತಿರುಗಿ ಹೇಳುತ್ತಾರೆ. ಅಷ್ಟರಲ್ಲಿ ಎತ್ತಿದವಳು ಮುಂದಿನ ಸಾಲನ್ನು ಹೊಂದಿಸಿಕೊಂಡಿರಬೇಕು. ಸೋಬಾನೆಗೆ ಸೊಲ್ಲು ಹಿಡಿದು ಬೆಳೆದ ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಅಲ್ಲಿಗೆ ಹೋದರೆ ಎರಡನೇ ಸುತ್ತಿಗೇ ದನಿಗೂಡಿಸಬಲ್ಲರು.

ಕನ್ನಡ ಆಡುವವರು ಅಲ್ಲೂ ಇದ್ದಾರೆ. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಿಂದ ದಿಂಡಿಗಲ್‌ವರೆಗೆ ಕಪ್ಪಿಲಿಯರು, ಅನುಪ್ಪರು ಮುಂತಾದ ಸಮುದಾಯಗಳ ಮನೆಗಳಲ್ಲಿ ಇಂದಿಗೂ ಒಂದು ಬಗೆಯ ಕನ್ನಡ ಉಳಿದಿದೆ. ಮುಲ್ಲಪೆರಿಯಾರ್ ನೀರಿನಲ್ಲಿ ಭತ್ತ, ಬಾಳೆ, ಪನ್ನೀರ್ ದ್ರಾಕ್ಷಿ ಬೆಳೆಯುವ ಸೀಮೆ ಅದು. ಬೆಳಕು ಹರಿಯುವಷ್ಟರಲ್ಲಿ ಕೂಲಿ ಹೆಂಗಸರನ್ನು ತುಂಬಿಕೊಂಡ ಜೀಪುಗಳು ಘಟ್ಟ ಹತ್ತಿ ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೊರಡುತ್ತವೆ.

ಇದೇ ಕಣಿವೆಯಿಂದ ಘಟ್ಟ ಹತ್ತಿ ಹಾಡಿದವರು ಪಾವಲರ್ ವರದರಾಜನ್. ಊರು ಪಣ್ಣೈಪುರಂ. ‘ಗೀತಾ’, ‘ಪಲ್ಲವಿ ಅನುಪಲ್ಲವಿ’ ಚಿತ್ರಗಳ ಸಂಗೀತದಿಂದ ನಮಗೆಲ್ಲ ಆಪ್ತರಾದ ಇಳಯರಾಜ ಅವರ ಅಣ್ಣ ಎಂದರೆ ಗುರುತು ಸಿಕ್ಕೀತು. ಆದರೆ ಅವರನ್ನು ತಮ್ಮನ ನೆಪದಲ್ಲಿ ಮಾತ್ರ ನೆನೆಯುವುದು ಅನ್ಯಾಯ. 1957ರಲ್ಲಿ ಕೇರಳದಲ್ಲಿ ಇ.ಎಂ.ಎಸ್. ಅವರ ಕಮ್ಯುನಿಸ್ಟ್ ಸರ್ಕಾರ ಬಂದಿತ್ತು; ಬಹುಮತ ತೀರ ಕಡಿಮೆ. ದೇವಿಕುಳಂ ಕ್ಷೇತ್ರದ ಆಯ್ಕೆ ನ್ಯಾಯಾಲಯದಲ್ಲಿ ಅಸಿಂಧುವಾಗಿ 1958ರಲ್ಲಿ ಉಪಚುನಾವಣೆ ಬಂತು. ಕಮ್ಯುನಿಸ್ಟರ ಅಭ್ಯರ್ಥಿ ರೋಸಮ್ಮ ಪುನ್ನೂಸ್. ಮತದಾರರಲ್ಲಿ ಬಹಳ ಮಂದಿ ಟೀ ತೋಟಗಳ ಲೈನ್ ಮನೆಗಳಲ್ಲಿದ್ದ ತಮಿಳು ಕೂಲಿಕಾರರು. ಅವರ ನಡುವೆ ವರದರಾಜನ್ ಹಾಡಿದರು, ರೋಸಮ್ಮ ಗೆದ್ದರು. ಆ ಗೆಲುವಿನಲ್ಲಿ ಪಾವಲರ್ ಹಾಡಿನ ಪಾಲು ದೊಡ್ಡದೆಂಬ ಮಾತು ಇಂದಿಗೂ ಬಳಕೆಯಲ್ಲಿದೆ.

ಅವರ ಕಸುಬಿನ ಗುಟ್ಟು ಮಟ್ಟಿನಲ್ಲಿತ್ತು. ಜನರ ಕಿವಿಗೆ ಆಗಲೇ ಹತ್ತಿದ ಜನಪದ ಧಾಟಿ, ಸಿನಿಮಾ ಧಾಟಿಗಳಿಗೆ ಕೂಲಿ, ಹಸಿವು, ಮತದ ಮಾತುಗಳನ್ನು ಕೂರಿಸುತ್ತಿದ್ದರು. ರಾಗ ಗೊತ್ತಿರುವವನಿಗೆ ಪದ ಕಲಿಯಲು ಎಷ್ಟು ಹೊತ್ತು? ಓದು ಬರಹ ಬಾರದವನೂ ಹಾಡನ್ನು ಬಾಯಲ್ಲಿಟ್ಟುಕೊಂಡು ಮನೆಗೆ ಹೋಗಬಹುದಿತ್ತು. ಹದಿನಾಲ್ಕರ ಹರೆಯದಲ್ಲಿ ಅಣ್ಣನ ಮೇಳ ಸೇರಿದ ಇಳಯರಾಜ, ಗಂಟಲು ಒಡೆಯುವ ತನಕ ಹೆಣ್ಣುದನಿಯ ಪಾಲನ್ನೂ ಹಾಡುತ್ತಿದ್ದರು. ಆಮೇಲೆ ಹಾರ್ಮೋನಿಯಂ ಹಿಡಿದರು. ಸುಮಾರು ಹತ್ತು ವರ್ಷ ಊರೂರು ಸುತ್ತಿದ ಆ ಮೇಳವನ್ನೇ ನಾನು ಅವರ ಮೊದಲ ಸಂಗೀತಶಾಲೆ ಎನ್ನುತ್ತೇನೆ.

ಕಾವ್ಯ ಜನರ ಬಳಿಗೆ ಬರುವ ಇನ್ನೊಂದು ದಾರಿಯೂ ಇದೆ: ತಮಿಳುನಾಡಿನ ಸರ್ಕಾರಿ ಬಸ್ಸುಗಳಲ್ಲಿ ತಿರುಕ್ಕುರಳ್ ಬರೆದಿರುತ್ತದೆ. ಟಿಕೆಟ್ ಕೊಂಡವರೆಲ್ಲರ ಕಣ್ಣೆದುರು ಎರಡು ಸಾಲಿನ ಕಾವ್ಯ ಇರುವುದು ಸಣ್ಣ ಸಂಗತಿಯಲ್ಲ, ನಮ್ಮ ಬಸ್ಸುಗಳಲ್ಲೂ ಸರ್ವಜ್ಞ ಹೀಗೆ ಕೂರಬೇಕು. ಆದರೂ ಅಲ್ಲಿ ಪ್ರಯಾಣಿಕ ಓದುಗನಷ್ಟೇ. ಕುಮ್ಮಿಗೂ ಪಾವಲರ್ ಮೇಳಕ್ಕೂ ಎದುರಿನವರ ದನಿಯೇ ಬೇಕು.

ಎದುರಿನವರನ್ನೂ ಹಾಡಿಸುವ ಈ ಬಗೆ ಒಂದು ಕಣಿವೆಯಲ್ಲೇ ನಿಲ್ಲಲಿಲ್ಲ. 1975ರಲ್ಲಿ ತಮಿಳುನಾಡಿನಲ್ಲಿ ಪ್ರಗತಿಪರ ಲೇಖಕರ ಸಂಘ ಹುಟ್ಟಿತು. ಅದರ ‘ಕಲೈ ಇರವು’ಗಳಲ್ಲಿ ಇರುಳೆಲ್ಲ ಹಾಡು, ಕವಿತೆ, ನಾಟಕ. ಅದೇ ವರ್ಷ ಬೆಂಗಳೂರಿನಲ್ಲಿ ‘ಸಮುದಾಯ’ ರಂಗತಂಡ ಹುಟ್ಟಿ, 1979ರಲ್ಲಿ ಜಾಥಾ ಹೊರಟಿತು. ಸಿದ್ಧಲಿಂಗಯ್ಯನವರ ಕವಿತೆಗಳು ಪುಸ್ತಕದಿಂದ ಎದ್ದು ಮೆರವಣಿಗೆಯ ಬಾಯಿಗೆ ಬಂದದ್ದೂ ಆ ದಶಕದಲ್ಲೇ. 1990ರ ಆಸುಪಾಸಿನಲ್ಲಿ ತಮಿಳುನಾಡಿನ ಸಾಕ್ಷರತಾ ಚಳವಳಿ ‘ಅರಿವೊಳಿ ಇಯಕ್ಕಂ’ ಅಕ್ಷರ ಕಲಿಸಲು ಹೊರಟಾಗಲೂ ಮೊದಲು ಹಾಡಿನ ತಂಡಗಳನ್ನೇ ಊರೊಳಗೆ ಕಳಿಸಿತು. ಸ್ಲೇಟು, ಬಳಪ ಅದರ ಹಿಂದೆ ಬಂದವು.