ಯಜಮಾನರಿಗಿಂತ ನಿಮಗೇ ಹೆಚ್ಚು ಬೇಕು!

ರಾತ್ರಿ ಎಲ್ಲರಿಗೂ ಬಡಿಸಿದ ಮೇಲೆ ನಿಮ್ಮ ತಟ್ಟೆಗೆ ಏನು ಉಳಿದಿರುತ್ತದೆ? ನಮ್ಮ ಮನೆಯಲ್ಲಂತೂ ಅನ್ನ, ಪಾತ್ರೆಯ ತಳದ ಸಾರು, ಉಪ್ಪಿನಕಾಯಿ. ಸೊಪ್ಪಿನ ಪಲ್ಯ ಯಜಮಾನರಿಗೂ ಮಕ್ಕಳಿಗೂ ಸರಿಹೋಗಿರುತ್ತದೆ. ‘ನನಗಿಷ್ಟು ಸಾಕು ಬಿಡಿ’ ಅಂತ ನಾವೂ ಅಂದುಬಿಡುತ್ತೇವೆ.

ಎಷ್ಟಿದ್ದರೆ ಸಾಕು ಅನ್ನೋದನ್ನು ಲೆಕ್ಕ ಹಾಕಿ ಹೇಳುವವರು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ವಿಜ್ಞಾನಿಗಳು. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ಸಂಶೋಧನೆಗೆಂದು ಶುರುವಾದ ಸಂಸ್ಥೆ ಇದು. ದಿನಕ್ಕೆ ಯಾರಿಗೆ ಎಷ್ಟು ಪೋಷಕಾಂಶ ಬೇಕೆಂಬ ಪಟ್ಟಿಯನ್ನು ಆಗಾಗ್ಗೆ ತಿದ್ದುತ್ತಾರೆ. 2010ರ ಪಟ್ಟಿಯನ್ನು 2020ರಲ್ಲಿ ತಿದ್ದಿದರು. ಅದರಲ್ಲಿ ನಮ್ಮ ಬಗ್ಗೆ ಏನಿದೆ ಗೊತ್ತೇ?

ಹೆಂಗಸರಿಗೆ ದಿನಕ್ಕೆ 21 ಮಿಲಿಗ್ರಾಂ ಇದ್ದ ಕಬ್ಬಿಣಾಂಶ 29ಕ್ಕೆ ಏರಿದೆ. ಗಂಡಸರಿಗೆ 19 ಸಾಕು! ತಿಂಗಳ ಮುಟ್ಟಿನಲ್ಲಿ ರಕ್ತದ ಜೊತೆ ಕಬ್ಬಿಣವೂ ಹೋಗುತ್ತದಲ್ಲ, ಅದನ್ನು ತುಂಬಿಕೊಳ್ಳಬೇಕು. ಕ್ಯಾಲ್ಸಿಯಂ 600ರಿಂದ 1000 ಮಿಲಿಗ್ರಾಂ ಆಗಿದೆ. ಅರವತ್ತು ದಾಟಿದವರಿಗೆ 1200. ಇಳಿದದ್ದೂ ಉಂಟು. ಹೆಚ್ಚು ಮೈದುಡಿಮೆ ಇಲ್ಲದ ಹೆಂಗಸಿಗೆ 1900 ಇದ್ದ ಕ್ಯಾಲೊರಿ 1660 ಆಗಿದೆ. ಅಂದರೆ ತಟ್ಟೆಯಲ್ಲಿ ಅನ್ನ ಕಡಿಮೆಯಾಗಿ ಪಲ್ಯ ಹೆಚ್ಚಬೇಕು. ನಾವು ಮಾಡುತ್ತಿರೋದು ಸರಿಯಾಗಿ ತಿರುವುಮುರುವು.

ಇದೇನು ಬರೀ ಪುಸ್ತಕದ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ಸುಸ್ತು. ‘ಕೆಲಸ ಜಾಸ್ತಿ ಆಯ್ತು’ ಅಂದುಕೊಂಡು ಸುಮ್ಮನಾಗುವವರೇ ಹೆಚ್ಚು.

ದುಬಾರಿ ಡಬ್ಬಿ ಪುಡಿಗಳೇನೂ ಬೇಡ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆ ಉಂಡರೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಒಂದು ಲೋಟ ಹಾಲಿನಲ್ಲಿ 240ರಷ್ಟು. ಒಂದು ಚಮಚ ಎಳ್ಳಿನ ಪುಡಿ ಉದುರಿಸಿಕೊಂಡರೆ ಇನ್ನಷ್ಟು. ನುಗ್ಗೆಸೊಪ್ಪಂತೂ ಹಿತ್ತಲಲ್ಲೇ ಇರುತ್ತೆ. ಕಬ್ಬಿಣಕ್ಕೆ ಹರಿವೆ, ದಂಟು, ಹುರುಳಿ. ಹುರುಳಿಯನ್ನು ಮೊಳಕೆ ಕಟ್ಟಿ ಉಸಲಿ ಮಾಡಿದರೆ ಮೈಗೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಸೊಪ್ಪು–ಕಾಳಿನ ಕಬ್ಬಿಣವನ್ನು ಮೈ ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ನಿಂಬೆಹುಳಿ ಹಿಂಡಿದರೆ ಅದರ ಸಿ ವಿಟಮಿನ್ ಸಹಾಯಕ್ಕೆ ಬರುತ್ತದೆ. ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಸಿದರೆ ಆ ವಿಟಮಿನ್ ನಷ್ಟ.

ಇನ್ನು ಕಾಫಿ! 2024ರಲ್ಲಿ ಅದೇ ಸಂಸ್ಥೆ ಹೊರಡಿಸಿದ ಆಹಾರ ಮಾರ್ಗಸೂಚಿ, ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಕಾಫಿ–ಟೀ ಬೇಡ ಅನ್ನುತ್ತದೆ. ಅವುಗಳಲ್ಲಿನ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತದಂತೆ. ಉಪ್ಪಿಟ್ಟಿನ ಬೆನ್ನಿಗೇ ಕಾಫಿ ಇಲ್ಲದೆ ಹೇಗಪ್ಪಾ ಅಂತ ನನಗೂ ಅನ್ನಿಸಿತು. ವಾರ ಕಷ್ಟವಾಯಿತು, ಆಮೇಲೆ ಹತ್ತು ಗಂಟೆಯ ಕಾಫಿಯೇ ಹಿತವಾಯಿತು.

ಒಂದು ಎಚ್ಚರಿಕೆ. 29 ಅನ್ನೋದು ಹೆಚ್ಚುಕಡಿಮೆ ಎಲ್ಲರಿಗೂ ಸಾಲುವಂತೆ ಹಾಕಿದ ಅಂಕಿ. ಒಂದು ದಿನ ತಪ್ಪಿತೆಂದು ಗಾಬರಿ ಬೇಡ. ಆದರೆ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಬರೀ ಸೊಪ್ಪು ನಂಬಿ ಕೂರಬೇಡಿ, ಡಾಕ್ಟರನ್ನು ಕಾಣಿ. ಅವರನ್ನು ಕೇಳದೆ ಮಾತ್ರೆ ನುಂಗುವುದೂ ತಪ್ಪು, ಕಬ್ಬಿಣ ಅತಿಯಾದರೂ ತೊಂದರೆಯೇ.

ಈಗ ನಾನು ಬಡಿಸುವ ಮುಂಚೆಯೇ ಒಂದು ಬಟ್ಟಲು ಪಲ್ಯ ಎತ್ತಿಡುತ್ತೇನೆ. ಮೊದಲ ದಿನ ಅತ್ತೆಯವರು ಓರೆಗಣ್ಣಲ್ಲಿ ನೋಡಿದರು. ಅವರಿಗೂ ಪಟ್ಟಿ ಓದಿ ಹೇಳಿದೆ. ಮಾರನೆಯ ದಿನ, ‘ನನಗೂ ಒಂದು ಬಟ್ಟಲು ಎತ್ತಿಡಮ್ಮ’ ಅಂದರು.